ಅನ್ನದ ತಟ್ಟೆಯ ಲೆಕ್ಕಪತ್ರ
ರಕ್ತದ ಸಕ್ಕರೆ ಏರದಂತೆ ಊಟ, ಹುಸಿ ಭರವಸೆಯಿಲ್ಲದ ಅಕ್ಕಿ ವ್ಯಾಪಾರ

ಮಧ್ಯಾಹ್ನ ಮೂರು ಗಂಟೆ. ಎಪಿಎಂಸಿ ಪ್ರಾಂಗಣದಲ್ಲಿ ಟೆಂಡರ್ ಮುಗಿದು, ತೂಕ, ಬಿಲ್ಲು, ಹಣ ಪಾವತಿಗಳು ಒಂದು ಹಂತಕ್ಕೆ ಬಂದ ಮೇಲೆಯೇ ದಲ್ಲಾಳಿ ಅಂಗಡಿಗಳಲ್ಲಿ ಊಟದ ಕ್ಯಾರಿಯರ್ ತೆರೆಯುವುದು ರೂಢಿ. ಬೆಳಿಗ್ಗೆ ಇಡ್ಲಿಯನ್ನೋ ದೋಸೆಯನ್ನೋ ತಿಂದು ಬಂದವರು, ನಡುವೆ ಎರಡು ಮೂರು ಬಾರಿ ಸಕ್ಕರೆ ಹಾಕಿದ ಚಹಾ ಕುಡಿದವರು, ಹಸಿವು ಮೀರಿದ ಹೊತ್ತಿನಲ್ಲಿ ತಟ್ಟೆಯ ತುಂಬ ಅನ್ನ ಹಾಕಿಕೊಂಡು ಸಾರು ಬೆರೆಸಿಕೊಳ್ಳುತ್ತಾರೆ. ಪಲ್ಯ ಒಂದು ಚಮಚ, ಕೊನೆಗೆ ಮಜ್ಜಿಗೆ ಅನ್ನ. ಸಂಜೆ ಒಂದು ಪೊಟ್ಟಣ ಮಂಡಕ್ಕಿ. ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಮತ್ತೆ ಅನ್ನ. ಇಡ್ಲಿ, ದೋಸೆ, ಅವಲಕ್ಕಿ, ಮಂಡಕ್ಕಿ, ಅನ್ನ ಎಂದು ಹೆಸರುಗಳು ಬೇರೆ ಬೇರೆಯಾದರೂ ಸರಕು ಒಂದೇ. ದಿನದ ಕೊನೆಗೆ ಲೆಕ್ಕ ಹಾಕಿದರೆ ಎಲ್ಲವೂ ಅಕ್ಕಿಯ ಖಾತೆಗೇ ಸೇರುತ್ತವೆ.

ಈ ಖಾತೆಯನ್ನು ಪರಿಶೀಲಿಸಬೇಕಾದ ಅನಿವಾರ್ಯ ಈಗ ವ್ಯಾಪಾರಿ ವರ್ಗಕ್ಕೆ ಎರಡು ಕಡೆಗಳಿಂದ ಬಂದಿದೆ. ಒಂದೆಡೆ ವೈದ್ಯರು, 'ಅನ್ನ ಕಡಿಮೆ ಮಾಡಿ' ಎನ್ನುತ್ತಾರೆ. ಇನ್ನೊಂದೆಡೆ ಅಂಗಡಿಗೆ ಬಂದ ಗ್ರಾಹಕರು, 'ಸಕ್ಕರೆ ಕಾಯಿಲೆಯವರು ಉಣ್ಣುವ ಅಕ್ಕಿ ಯಾವುದಿದೆ?' ಎಂದು ಕೇಳುತ್ತಾರೆ. ಮೊದಲನೆಯದು ವ್ಯಾಪಾರಿಯ ಆರೋಗ್ಯದ ಪ್ರಶ್ನೆ, ಎರಡನೆಯದು ಅವನ ವಿಶ್ವಾಸಾರ್ಹತೆಯ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ.

ಅಂಕಿ ಅಂಶಗಳ ಎಚ್ಚರಿಕೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದ 'ಇಂಡಿಯಾಬ್' ಸಮೀಕ್ಷೆಯ ರಾಷ್ಟ್ರಮಟ್ಟದ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇದು ವಯಸ್ಕರಲ್ಲಿ ಶೇ. 11.4 ಪ್ರಮಾಣ. ಇನ್ನೂ 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಇದೇ ಸಮೀಕ್ಷೆಯ ಆಹಾರ ಕುರಿತ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರು ದಿನದಲ್ಲಿ ಪಡೆಯುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ದಕ್ಷಿಣ ಭಾರತದಲ್ಲಿ ಇದರ ದೊಡ್ಡ ಪಾಲು ಪಾಲಿಶ್ ಮಾಡಿದ ಬಿಳಿ ಅಕ್ಕಿಯದು.

ಅನ್ನಕ್ಕೂ ಮಧುಮೇಹಕ್ಕೂ ಇರುವ ನಂಟನ್ನು 21 ದೇಶಗಳ 1.32 ಲಕ್ಷಕ್ಕೂ ಹೆಚ್ಚು ಜನರಲ್ಲಿ ಪರಿಶೀಲಿಸಿದ 'ಪ್ಯೂರ್' ಅಧ್ಯಯನದ ವರದಿ 2020ರಲ್ಲಿ ಬಂದಿತು. ಸರಾಸರಿ ಒಂಬತ್ತೂವರೆ ವರ್ಷಗಳ ಕಾಲ ಇವರ ಆರೋಗ್ಯವನ್ನು ಗಮನಿಸಲಾಗಿತ್ತು. ದಿನಕ್ಕೆ 150 ಗ್ರಾಂಗಿಂತ ಕಡಿಮೆ ಅನ್ನ ಉಣ್ಣುವವರಿಗೆ ಹೋಲಿಸಿದರೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಉಣ್ಣುವವರಲ್ಲಿ ಮಧುಮೇಹದ ಅಪಾಯ ಒಟ್ಟಾರೆಯಾಗಿ ಶೇ. 20ರಷ್ಟು ಹೆಚ್ಚಿತ್ತು. ದಕ್ಷಿಣ ಏಷ್ಯಾದಲ್ಲಿ ಮಾತ್ರ ಈ ಹೆಚ್ಚಳ ಶೇ. 61. ಇಂತಹ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು ಅನ್ನವೊಂದೇ ಕಾರಣವೆಂದು ಸಾಧಿಸುವುದಿಲ್ಲ. ಆದರೂ 450 ಗ್ರಾಂ ಎಂಬ ಅಂಕಿ ಯೋಚನೆಗೆ ಹಚ್ಚುವಂಥದು. ಇದು ಬೇಯಿಸಿದ ಅನ್ನದ ತೂಕ. ಅಕ್ಕಿಯ ಲೆಕ್ಕದಲ್ಲಿ ಸುಮಾರು 160 ಗ್ರಾಂ. ಎರಡು ಹೊತ್ತು ಹೊಟ್ಟೆ ತುಂಬ ಅನ್ನ ಉಣ್ಣುವವರು ಇದನ್ನು ಸುಲಭವಾಗಿ ದಾಟುತ್ತಾರೆ.

ಅನ್ನ ಸಕ್ಕರೆಯಾಗುವ ಬಗೆ

ಅಕ್ಕಿಯ ಕಾಳಿನಲ್ಲಿ ಸುಮಾರು ಶೇ. 78ರಷ್ಟು ಶರ್ಕರಪಿಷ್ಟವಿರುತ್ತದೆ. ಅದರ ಬಹುಪಾಲು ಪಿಷ್ಟ. ಜೀರ್ಣವಾದಾಗ ಈ ಪಿಷ್ಟ ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ಆದ್ದರಿಂದ 'ಸಕ್ಕರೆ ಇಲ್ಲದ ಅಕ್ಕಿ' ಎಂಬುದು ಇಲ್ಲ, ಇರಲೂ ಸಾಧ್ಯವಿಲ್ಲ. ಅಕ್ಕಿಯನ್ನು ನೆನೆಸಿ, ಗಂಜಿ ಬಸಿದು ಮಾಡಿದ ಅನ್ನದಲ್ಲಿ ಸಕ್ಕರೆ ಇರುವುದಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಬಸಿದ ನೀರಿನೊಡನೆ ಹೋಗುವ ಪಿಷ್ಟ ಅಲ್ಪ, ಜೊತೆಗೆ ಬಿ ಗುಂಪಿನ ಜೀವಸತ್ವಗಳೂ ಹೋಗುತ್ತವೆ. ಕಾಳಿನಲ್ಲಿ ಉಳಿದದ್ದು ಪಿಷ್ಟವೇ.

ವ್ಯತ್ಯಾಸವಿರುವುದು ಗ್ಲೂಕೋಸು ಎಷ್ಟು ವೇಗವಾಗಿ ರಕ್ತಕ್ಕೆ ಸೇರುತ್ತದೆ ಎಂಬುದರಲ್ಲಿ. ಈ ವೇಗವನ್ನು ಅಳೆಯುವ ಮಾನದಂಡವೇ ಗ್ಲೈಸೆಮಿಕ್ ಸೂಚ್ಯಂಕ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಶುದ್ಧ ಗ್ಲೂಕೋಸನ್ನು 100 ಎಂದು ಇಟ್ಟುಕೊಂಡರೆ, 55 ಅಥವಾ ಅದಕ್ಕಿಂತ ಕಡಿಮೆ ಇರುವುದು ಕೆಳಮಟ್ಟ, 56ರಿಂದ 69 ಮಧ್ಯಮ, 70 ಮತ್ತು ಮೇಲ್ಪಟ್ಟದ್ದು ಹೆಚ್ಚು.

ಅಕ್ಕಿಯ ಸೂಚ್ಯಂಕ ತಳಿಯಿಂದ ತಳಿಗೆ ಬದಲಾಗುತ್ತದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೂ ಆಸ್ಟ್ರೇಲಿಯಾದ ವಿಜ್ಞಾನಿಗಳೂ ಸೇರಿ 235 ತಳಿಗಳನ್ನು ಪರಿಶೀಲಿಸಿದಾಗ ಅದು 48ರಿಂದ 92ರವರೆಗೆ ಹರಡಿರುವುದು ಕಂಡುಬಂದಿತು. ಸರಾಸರಿ 64. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅಮೈಲೋಸ್ ಎಂಬ ಬಗೆಯ ಪಿಷ್ಟ. ಅದು ಹೆಚ್ಚಿದ್ದರೆ ಅನ್ನ ಉದುರುದುರಾಗಿರುತ್ತದೆ, ನಿಧಾನವಾಗಿ ಜೀರ್ಣವಾಗುತ್ತದೆ. ಕಡಿಮೆಯಿದ್ದರೆ ಅನ್ನ ಮುದ್ದೆಯಾಗುತ್ತದೆ, ಬೇಗ ಜೀರ್ಣವಾಗುತ್ತದೆ. ಚೆನ್ನೈನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸೋನಾ ಮಸೂರಿಗೆ 72, ಪೊನ್ನಿಗೆ ಸುಮಾರು 70, ಸುರತಿ ಕೋಲಂಗೆ 77 ಸೂಚ್ಯಂಕ ಬಂದಿತು. ಮೂರೂ ಹೆಚ್ಚಿನ ವರ್ಗದವೇ. ತೆಲಂಗಾಣದ ಪ್ರೊ. ಜಯಶಂಕರ್ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ 'ತೆಲಂಗಾಣ ಸೋನಾ', ಅಂದರೆ ನಮ್ಮ ಮಂಡಿಗಳಲ್ಲಿ ಆರ್‌ಎನ್‌ಆರ್ ಎಂದು ಪರಿಚಿತವಾದ ತಳಿಯ ಸೂಚ್ಯಂಕ 52ರ ಆಸುಪಾಸಿನಲ್ಲಿದೆಯೆಂದು ಪ್ರಚಾರ ಪಡೆದಿದೆ.

ಹಾಗಾದರೆ ಚೀಲ ಬದಲಿಸಿದರೆ ಸಮಸ್ಯೆ ಮುಗಿಯಿತೇ?

ತೂಕವೇ ಮೂಲ

ಇಲ್ಲಿಯೇ ವ್ಯಾಪಾರಿಗಳಿಗೆ ಒಗ್ಗುವ ಒಂದು ಸರಳ ಲೆಕ್ಕವಿದೆ. ದರವೊಂದನ್ನೇ ನೋಡಿ ಯಾರೂ ಬಿಲ್ಲು ಬರೆಯುವುದಿಲ್ಲ; ದರವನ್ನು ತೂಕದಿಂದ ಗುಣಿಸಬೇಕು. ಸೂಚ್ಯಂಕವೆಂಬುದು ದರವಿದ್ದಂತೆ, ಉಂಡ ಶರ್ಕರಪಿಷ್ಟ ತೂಕವಿದ್ದಂತೆ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಬರುವುದು ಗ್ಲೈಸೆಮಿಕ್ ಹೊರೆ.

ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿರುತ್ತದೆ. ಸೋನಾ ಮಸೂರಿಯ 300 ಗ್ರಾಂ ಅನ್ನ ಉಂಡರೆ 84 ಗ್ರಾಂ ಶರ್ಕರಪಿಷ್ಟ. ಹೊರೆ ಸುಮಾರು 60. ಅಷ್ಟೇ ತೂಕದ, 52 ಸೂಚ್ಯಂಕದ ಅಕ್ಕಿಯ ಅನ್ನ ಉಂಡರೆ ಹೊರೆ ಸುಮಾರು 44. ಇಳಿಕೆಯಾದದ್ದು ನಿಜ. ಆದರೆ ಅದೇ ಹಳೆಯ ಸೋನಾ ಮಸೂರಿಯನ್ನೇ 150 ಗ್ರಾಂಗೆ ಇಳಿಸಿದರೆ ಹೊರೆ ಸುಮಾರು 30 ಮಾತ್ರ. ಅಂದರೆ 'ಕಡಿಮೆ ಸೂಚ್ಯಂಕ'ದ ಅಕ್ಕಿಯನ್ನು ತಟ್ಟೆ ತುಂಬ ಉಣ್ಣುವುದಕ್ಕಿಂತ, ಸಾಮಾನ್ಯ ಅಕ್ಕಿಯನ್ನು ಅರ್ಧ ತಟ್ಟೆ ಉಣ್ಣುವುದು ಮೇಲು. ಹೊಸ ಅಕ್ಕಿ ಬಂದಿತೆಂಬ ಧೈರ್ಯದಲ್ಲಿ ಇನ್ನೊಂದು ಸೌಟು ಬಡಿಸಿಕೊಂಡರೆ ಬಂದ ಲಾಭವೂ ಕೈತಪ್ಪುತ್ತದೆ.

ಅನ್ನ ಬಿಟ್ಟು ಚಪಾತಿಗೋ ರಾಗಿ ಮುದ್ದೆಗೋ ಹೊರಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಒಟ್ಟು ಶರ್ಕರಪಿಷ್ಟವನ್ನು ಕಡಿಮೆ ಮಾಡದೆ, ಬಿಳಿ ಅಕ್ಕಿಯ ಬದಲಿಗೆ ಇಡಿ ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದ ಮಾತ್ರಕ್ಕೆ ಮಧುಮೇಹದ ಸಂಭವ ಕಡಿಮೆಯಾದದ್ದು 2025ರ ಇಂಡಿಯಾಬ್ ವಿಶ್ಲೇಷಣೆಯಲ್ಲಿ ಕಂಡುಬರಲಿಲ್ಲ. ಶರ್ಕರಪಿಷ್ಟದಿಂದ ಬರುವ ಶಕ್ತಿಯಲ್ಲಿ ಶೇ. 5 ಭಾಗವನ್ನು ಬೇಳೆಕಾಳು, ಹಾಲು ಮೊಸರುಗಳಂತಹ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಮಾತ್ರ ಸಂಭವ ಇಳಿಯುವುದು ಕಂಡುಬಂದಿತು. ಸಿರಿಧಾನ್ಯಗಳಲ್ಲಿ ನಾರು, ಖನಿಜಗಳು ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ದೊಡ್ಡ ಮುದ್ದೆಯೂ ಎರಡು ತಟ್ಟೆ ಅನ್ನದ ಹಾಗೆಯೇ ಲೆಕ್ಕಕ್ಕೆ ಬರುತ್ತದೆ.

ತಟ್ಟೆಯ ಮರುಹಂಚಿಕೆ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಎಲ್ಲ ಧಾನ್ಯಗಳೂ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಎಂದು ಸೂಚಿಸುತ್ತದೆ. ಇವೆಲ್ಲ ಬೇಯಿಸುವ ಮುಂಚಿನ ತೂಕಗಳು. 250 ಗ್ರಾಂ ಎಂಬುದರಲ್ಲಿ ಬೆಳಗಿನ ಇಡ್ಲಿಯ ಅಕ್ಕಿ, ಸಂಜೆಯ ಮಂಡಕ್ಕಿ, ರಾತ್ರಿಯ ಚಪಾತಿ ಎಲ್ಲವೂ ಸೇರಿವೆ ಎಂಬುದನ್ನು ಮರೆಯಬಾರದು. ನಮ್ಮ ಸಾಮಾನ್ಯ ಊಟದಲ್ಲಿ ಧಾನ್ಯ ಈ ಮಿತಿಯನ್ನು ದಾಟುತ್ತದೆ, ತರಕಾರಿ ಅರ್ಧಕ್ಕೂ ಮುಟ್ಟುವುದಿಲ್ಲ.

ಸಂಪ್ರದಾಯದ ಬಾಳೆಲೆ ಊಟದ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಮೊದಲು ಕೋಸಂಬರಿ, ಪಲ್ಯಗಳನ್ನು ಬಡಿಸಿ, ಅನ್ನ ಅನಂತರ ಬರುವುದು ಆ ಕ್ರಮ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ 11 ಮಧುಮೇಹಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದಲ್ಲಿ, ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ, ಒಂದು ಗಂಟೆಯ ಬಳಿಕ ರಕ್ತದ ಸಕ್ಕರೆ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಕಡಿಮೆಯಿತ್ತು. ಹೆಸರುಬೇಳೆಯ ಕೋಸಂಬರಿ, ಸೊಪ್ಪಿನ ಪಲ್ಯ, ಮೊಳಕೆಕಾಳಿನ ಉಸಲಿಯನ್ನು ಮೊದಲು ಅರ್ಧದಷ್ಟು ತಿಂದು ಅನ್ನಕ್ಕೆ ಕೈಹಾಕುವುದು ಯಾವ ಖರ್ಚೂ ಇಲ್ಲದ ಅಭ್ಯಾಸ. ಹಾಗೆಯೇ ತಿಳಿಸಾರಿನ ಬದಲು ಬೇಳೆ ದಟ್ಟವಾಗಿರುವ ಹುಳಿ ಒಳ್ಳೆಯದು. ಚಿತ್ರಾನ್ನ, ಪುಳಿಯೋಗರೆಗಳಂತಹ ಬರಿಯ ಅನ್ನದ ತಿಂಡಿಗಳ ಜೊತೆಗೆ ಮೊಸರುಬಜ್ಜಿಯೋ ಕಾಳಿನ ಪಲ್ಯವೋ ಇರಬೇಕು.

ಊಟದ ನಂತರದ ಹತ್ತು ನಿಮಿಷವೂ ಮುಖ್ಯ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಪ್ರತಿ ಊಟದ ಬಳಿಕ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ. 12ರಷ್ಟು ಕಡಿಮೆಯಿತ್ತು. ರಾತ್ರಿಯ ಊಟದ ಬಳಿಕ ಈ ಇಳಿಕೆ ಶೇ. 22. ಊಟ ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಸುವ ಬದಲು ಗೋದಾಮಿನವರೆಗೆ ಎರಡು ಸುತ್ತು ಹೋಗಿಬರುವುದು ಈ ಕಾರಣಕ್ಕೆ ಉಚಿತ.

ತಂಗಳನ್ನದಲ್ಲಿ ಸಕ್ಕರೆ ಕಡಿಮೆಯೆಂಬ ಮಾತೂ ಪ್ರಚಾರದಲ್ಲಿದೆ. ಅನ್ನ ತಣಿದಾಗ ಪಿಷ್ಟದ ಅಲ್ಪಭಾಗ ಜೀರ್ಣವಾಗದ ರೂಪಕ್ಕೆ ತಿರುಗುವುದು ನಿಜ. ಲಾಭ ಮಾತ್ರ ಚಿಕ್ಕದು. ಅನ್ನವನ್ನು ಹೊರಗೇ ಬಹಳ ಹೊತ್ತು ಬಿಟ್ಟರೆ ವಾಂತಿ ಭೇದಿ ಉಂಟುಮಾಡುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆದ್ದರಿಂದ ಬೇಗ ಆರಿಸಿ ಫ್ರಿಜ್ಜಿನಲ್ಲಿಡುವುದು ಅವಶ್ಯ.

ಗಿರಣಿಯ ಪಾತ್ರ

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದ ಬಳಿಕ ಜೋಳದ ಸೀಮೆಯೆನಿಸಿದ್ದ ಪ್ರದೇಶ ಭತ್ತದ ಕಣಜವಾಯಿತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳಲ್ಲಿ ಗಿರಣಿಗಳು ಬೆಳೆದವು. ಅಕ್ಕಿ ಬೆಳ್ಳಗೆ ಹೊಳೆದಷ್ಟೂ ಬೆಲೆ ಎಂಬುದು ಮಾರುಕಟ್ಟೆಯ ನಿಯಮವಾಯಿತು. ಆ ಹೊಳಪಿಗಾಗಿ ತೆಗೆದುಹಾಕುವ ತೌಡಿನಲ್ಲಿಯೇ ನಾರು, ಬಿ ಜೀವಸತ್ವ, ಖನಿಜಗಳು ಇರುವುದು. ಚೆನ್ನೈನಲ್ಲಿ ಅಧಿಕ ತೂಕದ 15 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಳಿ ಅಕ್ಕಿಯ ಬದಲು ಪಾಲಿಶ್ ಮಾಡದ ಅಕ್ಕಿಯ ಊಟ ಮಾಡಿದ ದಿನಗಳಲ್ಲಿ 24 ಗಂಟೆಯ ಸಕ್ಕರೆಯ ಏರಿಕೆ ಸುಮಾರು ಐದನೇ ಒಂದು ಭಾಗ ಕಡಿಮೆಯಿತ್ತು.

ಪಾಲಿಶ್ ಮಾಡದ ಅಕ್ಕಿಯ ವ್ಯಾಪಾರಕ್ಕೆ ತೊಡಕುಗಳಿವೆ. ತೌಡಿನ ಎಣ್ಣೆಯಂಶದಿಂದ ಅದು ಬೇಗ ಕಮಟುತ್ತದೆ, ಹುಳು ಹಿಡಿಯುತ್ತದೆ. ಬೇಯಲು ಹೆಚ್ಚು ಹೊತ್ತು ಬೇಕು. ಗಾಳಿ ತೆಗೆದ ಸಣ್ಣ ಪ್ಯಾಕೆಟ್ಟುಗಳು, ಅಲ್ಪಾವಧಿಯ ದಾಸ್ತಾನು, ಚೀಲದ ಮೇಲೆ ಗಿರಣಿ ಮಾಡಿಸಿದ ದಿನಾಂಕ ಇವು ಅದಕ್ಕೆ ಪರಿಹಾರ. ಕರಾವಳಿಯ ಕುಚ್ಚಲಕ್ಕಿ ನಡುವಿನ ದಾರಿ. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ಹೊರಪದರದ ಜೀವಸತ್ವಗಳಲ್ಲಿ ಒಂದಂಶ ಕಾಳಿನೊಳಕ್ಕೆ ಇಳಿಯುತ್ತದೆ, ಕಾಳು ಗಟ್ಟಿಯಾಗುತ್ತದೆ. ಆದರೆ ಅದನ್ನೂ ಪೂರಾ ಪಾಲಿಶ್ ಮಾಡಿ, ಗಂಜಿಯಾಗುವಷ್ಟು ಬೇಯಿಸಿದರೆ ಲಾಭ ಉಳಿಯುವುದಿಲ್ಲ.

ಚೀಲದ ಮೇಲಿನ ಮಾತು

ಬೇಡಿಕೆಯನ್ನು ಕಂಡು 'ಶುಗರ್ ಫ್ರೀ ಅಕ್ಕಿ', 'ಡಯಾಬಿಟಿಕ್ ಅಕ್ಕಿ' ಎಂದು ಚೀಲದ ಮೇಲೆ ಅಚ್ಚು ಹಾಕುವ ಆಕರ್ಷಣೆ ಸಹಜ. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯ ಪ್ರಕಾರ ಹೇಳಿಕೆಗಳು ಸತ್ಯವಾಗಿರಬೇಕು, ದಾರಿತಪ್ಪಿಸಬಾರದು, ವೈಜ್ಞಾನಿಕ ಆಧಾರ ಹೊಂದಿರಬೇಕು. ಆಹಾರವೊಂದು ರೋಗವನ್ನು ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ.

ಸೂಚ್ಯಂಕವನ್ನು ಅಳೆಯಲು 2010ರಿಂದ ಐಎಸ್ಒ 26642 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಕನಿಷ್ಠ ಹತ್ತು ಆರೋಗ್ಯವಂತರಿಗೆ ನಿಗದಿತ ಪ್ರಮಾಣದ ಆಹಾರ ನೀಡಿ, ಎರಡು ಗಂಟೆಗಳ ಕಾಲ ರಕ್ತಪರೀಕ್ಷೆ ನಡೆಸಿಯೇ ಅಂಕಿಯನ್ನು ಪಡೆಯಬೇಕು. ಪರೀಕ್ಷೆಯಾದ ಮಾದರಿಯ ತಳಿ, ಪಾಲಿಶ್, ಬೇಯಿಸಿದ ಅವಧಿ ಬದಲಾದರೆ ಅಂಕಿಯೂ ಬದಲಾಗುತ್ತದೆ. 'ಸೋನಾ ಮಸೂರಿ' ಎಂಬ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ತಳಿಗಳು ಮಾರಾಟವಾಗುವುದು ವ್ಯಾಪಾರದಲ್ಲಿರುವವರಿಗೆ ತಿಳಿದದ್ದೇ. ಹೀಗಿರುವಾಗ ಯಾವುದೋ ತಳಿಗೆ ಬಂದ ಅಂಕಿಯನ್ನು ಇನ್ನಾವುದೋ ಚೀಲದ ಮೇಲೆ ಹಾಕುವುದು ಗ್ರಾಹಕನಿಗೆ ಬಗೆಯುವ ದ್ರೋಹ. ಅದನ್ನು ನಂಬಿ ಎರಡು ಪಟ್ಟು ಅನ್ನ ಉಂಡ ರೋಗಿಯ ಕಣ್ಣು, ಮೂತ್ರಪಿಂಡ, ಪಾದಗಳು ಆ ತಪ್ಪಿಗೆ ಬೆಲೆ ತೆರುತ್ತವೆ.

ಒಂದೇ ತಳಿಯ ಭತ್ತವನ್ನು ಬೇರೆಯಾಗಿ ಖರೀದಿಸಿ, ಬೇರೆಯಾಗಿ ದಾಸ್ತಾನಿಟ್ಟು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ತಳಿಯ ಹೆಸರು, ಪಾಲಿಶಿನ ಪ್ರಮಾಣ, ಒಂದು ಹೊತ್ತಿಗೆ ಎಷ್ಟು ಗ್ರಾಂ ಎಂಬ ಸಲಹೆಯೊಡನೆ ಮಾರುವ ಗಿರಣಿಗೆ ಈ ಮಾರುಕಟ್ಟೆಯಲ್ಲಿ ಬಾಳಿಕೆಯ ಸ್ಥಾನವಿದೆ. ಗ್ರಾಹಕ ಕಡಿಮೆ ಉಂಡರೆ ವ್ಯಾಪಾರ ಇಳಿಯುವುದೆಂಬ ಅಂಜಿಕೆ ಇರಬಹುದು. ಆದರೆ ಕಿರಾಣಿ ವರ್ತಕರಿಗೆ ಅಕ್ಕಿಯೊಂದೇ ಸರಕಲ್ಲ. ಅಕ್ಕಿಯಿಂದ ಇಳಿದ ತೂಕ ತೊಗರಿ, ಹೆಸರು, ಕಡಲೆ, ಅಲಸಂದೆಗಳ ಕಡೆಗೆ ಹೋಗುತ್ತದೆ.

ಕಾರ್ಖಾನೆ, ಗಿರಣಿಗಳಲ್ಲಿ ಊಟದ ವ್ಯವಸ್ಥೆ ಇರುವ ಮಾಲೀಕರೂ ಗಮನಿಸಬೇಕಾದದ್ದಿದೆ. ಬೇಳೆ, ತರಕಾರಿಗಳ ಖರ್ಚು ಅನ್ನದ ಖರ್ಚಿಗಿಂತ ಹೆಚ್ಚೆಂಬುದು ನಿಜ. ಆದರೂ ಅನ್ನಕ್ಕೆ ಅಳತೆಯ ಬಟ್ಟಲು, ಪಲ್ಯಕ್ಕೆ ದೊಡ್ಡ ಸೌಟು ಎಂಬ ಸಣ್ಣ ಬದಲಾವಣೆಯಿಂದ ಆರಂಭಿಸಬಹುದು. ದಿನವಿಡೀ ಮೂಟೆ ಹೊರುವ ಹಮಾಲರಿಗೆ ಬೇಕಾಗುವ ಶಕ್ತಿ ಬೇರೆ, ಕುಳಿತು ಲೆಕ್ಕ ಬರೆಯುವ ಗುಮಾಸ್ತರಿಗೆ ಬೇಕಾದದ್ದು ಬೇರೆ. ಇಬ್ಬರಿಗೂ ಒಂದೇ ಅಳತೆ ಸಲ್ಲದು.

ಎಚ್ಚರಿಕೆಯ ಮಾತು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಊಟವನ್ನು ಮೂರು ಗಂಟೆಯವರೆಗೆ ಮುಂದೂಡುವುದೂ ಇಂಥವರಿಗೆ ಅಪಾಯಕಾರಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಉಳಿದಂತೆ, ಯಾವ ಅಕ್ಕಿ ತಮಗೆ ಒಗ್ಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಾವೇ ತಾಳೆ ನೋಡಬಹುದು. ಗ್ಲೂಕೋಮೀಟರಿನಲ್ಲಿ ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೊಮ್ಮೆ ಪರೀಕ್ಷಿಸಿ, ಅಂದು ಉಂಡ ಅನ್ನದ ತೂಕವನ್ನೂ ಜೊತೆಗಿದ್ದ ವ್ಯಂಜನಗಳನ್ನೂ ಬರೆದಿಟ್ಟರೆ, ಒಂದೆರಡು ವಾರಗಳಲ್ಲಿ ಸ್ಪಷ್ಟ ಚಿತ್ರ ದೊರೆಯುತ್ತದೆ. ಮಧುಮೇಹಿಗಳಲ್ಲಿ ಹೆಚ್ಚಿನವರಿಗೆ ಊಟದ ನಂತರದ ಸಕ್ಕರೆ 180 ಮಿಲಿಗ್ರಾಂ ಒಳಗಿರಬೇಕೆಂಬುದು ಸಾಮಾನ್ಯ ಗುರಿ. ಪ್ರತಿದಿನ ರೋಕಡಿ ತಾಳೆ ನೋಡದೆ ಅಂಗಡಿಯ ಬಾಗಿಲು ಹಾಕದ ವ್ಯಾಪಾರಿಗೆ ಈ ಶಿಸ್ತು ಹೊಸದಲ್ಲ. ಅನ್ನವನ್ನು ತೊರೆಯಬೇಕಾಗಿಲ್ಲ, ಅದನ್ನೂ ತೂಗಿ ಬಡಿಸಿಕೊಂಡರೆ ಸಾಕು.